ಅಮ್ಮನ ತೊಡೆ ಚೈಲ್ಡ್ ಸೀಟ್ ಅಲ್ಲ

ಫಸ್ಟ್ ಇಯರ್ ಮೆಕ್ಯಾನಿಕ್ಸ್ ಇನ್ನೂ ಮರೆತಿಲ್ಲ ತಾನೆ? ಗಂಟೆಗೆ 60 ಕಿ.ಮೀ. ಅಂದ್ರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಆ ವೇಗದ ಕಾರು ಯಾವುದಕ್ಕೋ ಗುದ್ದಿ 0.1 ಸೆಕೆಂಡಲ್ಲಿ ನಿಂತುಹೋಯ್ತು ಅಂದ್ಕೊಳ್ಳಿ. ತೊಡೆ ಮೇಲಿರೋ 10 ಕೆ.ಜಿ. ಮಗುವನ್ನ ಹಿಡಿದಿಡೋಕೆ ಸುಮಾರು 1670 ನ್ಯೂಟನ್ ಬಲ ಬೇಕು. ಅಂದ್ರೆ 170 ಕೆ.ಜಿ. ಎತ್ತಿದ ಹಾಗೆ, ಅದೂ ರೆಪ್ಪೆ ಮಿಟುಕಿಸೋದರೊಳಗೆ. ನಮ್ಮ ಹಾಸ್ಟೆಲ್ ಜಿಮ್ ಹೀರೋಗಳಿಂದಲೂ ಆಗಲ್ಲ. ಆದ್ರೂ ನಮ್ಮ ಮನೆಗಳಲ್ಲಿ ಮಗುವಿನ ಜಾಗ ಅಂದ್ರೆ ಮುಂದಿನ ಸೀಟು, ಅಮ್ಮನ ತೊಡೆ. "ನಾನು ಗಟ್ಟಿಯಾಗಿ ಹಿಡ್ಕೊಂಡಿದೀನಿ ಬಿಡು" ಅಂತಾರೆ. ಎದುರಿಗಿರೋ ಏರ್‌ಬ್ಯಾಗ್ ಸಿಡಿಯೋದು ದೊಡ್ಡವರ ಎದೆಯ ಲೆಕ್ಕದಲ್ಲಿ, ಮಗುವಿನ ತಲೆಯ ಲೆಕ್ಕದಲ್ಲಲ್ಲ.

ಹಿಂದೆ ಕೂತ್ರೆ ಬೆಲ್ಟೇ ಬೇಡ ಅನ್ನೋದು ಇನ್ನೊಂದು ನಂಬಿಕೆ. 2022ರ ಸೆಪ್ಟೆಂಬರಲ್ಲಿ ಪಾಲ್ಘರ್ ಹತ್ತಿರ ಸೈರಸ್ ಮಿಸ್ತ್ರಿ ತೀರಿಕೊಂಡಾಗ, ಅವರು ಹಿಂದಿನ ಸೀಟಲ್ಲಿ ಬೆಲ್ಟ್ ಹಾಕದೆ ಕೂತಿದ್ರು ಅಂತ ಪೊಲೀಸರು ಹೇಳಿದ್ರು. ಸ್ವಲ್ಪ ದಿನ ಎಲ್ಲರೂ ಅದನ್ನೇ ಮಾತಾಡಿದ್ರು. ಈಗ ಕ್ಯಾಬ್ ಹತ್ತಿ ನೋಡಿ, ಎಷ್ಟೋ ಕಡೆ ಹಿಂದಿನ ಬಕಲ್ ಸೀಟ್ ಕವರ್ ಅಡಿಯಲ್ಲಿ ಹೂತುಹೋಗಿರತ್ತೆ.

ಕಾನೂನಂತೂ ಇದೆ. ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದಿದ್ರೆ 1000 ರೂ. ದಂಡ. ಹಾಕಿದ್ದನ್ನ ನಾನಂತೂ ನೋಡಿಲ್ಲ. ಚೈಲ್ಡ್ ಸೀಟ್ ದುಬಾರಿ, ಮಗು ಬೆಳೆದ ಮೇಲೆ ವೇಸ್ಟ್ ಅಂತಾರೆ. ಒಪ್ಪೋಣ. ಆದ್ರೆ ಅದೇ ಮನೆಯವರ ಹತ್ತಿರ ಸನ್‌ರೂಫಿಗೆ ದುಡ್ಡಿರತ್ತೆ, ಮಗು ಅದರಿಂದ ತಲೆ ಹೊರಗೆ ಹಾಕಿ ಹಿಂದಿನ ಗಾಡಿಯವರಿಗೆ ಕೈ ಬೀಸ್ತಿರತ್ತೆ!