ಬಿಸಿಲು ನೋಡಿ ಬದಾಮಿ

ಬದಾಮಿ ಕಡೆ ಗಾಡಿ ತಿರುಗಿಸುವವರು ಮೊದಲು ಲೆಕ್ಕ ಹಾಕುವುದು ಕಿಲೋಮೀಟರು. ಹಾಕಬೇಕಾದದ್ದು ಬಿಸಿಲಿನ ಲೆಕ್ಕ. ಬದಾಮಿಯಿಂದ ಪಟ್ಟದಕಲ್ಲಿಗೆ ಇಪ್ಪತ್ತೆರಡು ಕಿಲೋಮೀಟರಿನ ಆಸುಪಾಸು, ಅಲ್ಲಿಂದ ಐಹೊಳೆ ಇನ್ನೂ ಹತ್ತಿರ. ಹೀಗಾಗಿ ಬೆಳಿಗ್ಗೆ ಬದಾಮಿಯ ಗುಹೆ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಐಹೊಳೆ ಎಂದು ಒಂದೇ ದಿನದಲ್ಲಿ ಮುಗಿಸುವ ಆಸೆ ಸಹಜ. ಆದರೆ ಇದು ತಿರುವುಮುರುವು. ಪಟ್ಟದಕಲ್ಲಿನ ವಿರೂಪಾಕ್ಷ ದೇಗುಲದ ಮುಖ ಪೂರ್ವಕ್ಕೆ. ಎಳೆಬಿಸಿಲು ಬಿದ್ದಾಗಲೇ ಮುಂಭಾಗದ ಕೆತ್ತನೆಗೆ ಜೀವ. ಬದಾಮಿಯಲ್ಲಿ ಅಗಸ್ತ್ಯತೀರ್ಥದ ಪೂರ್ವದಂಡೆಯ ಭೂತನಾಥ ಗುಡಿ, ಅದರ ಬೆನ್ನಿಗಿರುವ ಬಂಡೆ ಎರಡೂ ಪಡುವಣದ ಬೆಳಕಿಗೆ ಕೆಂಡದ ಬಣ್ಣಕ್ಕೆ ತಿರುಗುತ್ತವೆ. ಏಪ್ರಿಲ್ ಮಧ್ಯಾಹ್ನ ಅದೇ ಮರಳುಗಲ್ಲು ಬರಿಗಾಲಿಗೆ ಕಾದ ಹೆಂಚು. ರಜೆ ಇರುವುದೇ ಒಂದು ದಿನ, ಬಾಡಿಗೆ ಗಾಡಿ ದುಬಾರಿ ಎನ್ನುವವರ ಮಾತು ಸುಳ್ಳಲ್ಲ. ಅವರು ಊರು ಕಡಿಮೆ ಮಾಡಲಿ: ಬೆಳಿಗ್ಗೆ ಪಟ್ಟದಕಲ್ಲು, ಮಧ್ಯಾಹ್ನ ಬದಾಮಿ ಬಳಿಯ ಬನಶಂಕರಿ ಗುಡಿಯ ಮುಂದೆ ಬುಟ್ಟಿ ಹೊತ್ತು ಬರುವ ಹೆಣ್ಣುಮಕ್ಕಳ ಕೈಯ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು, ಸಂಜೆ ಬದಾಮಿ. (ಮಂಗಗಳಿಗೆ ಮಾತ್ರ ಹೊತ್ತುಗೊತ್ತಿಲ್ಲ, ಚೀಲ ಜೋಪಾನ.) ಐಹೊಳೆಯನ್ನು ಬಿಟ್ಟುಬಿಡುವುದೇ ಎಂದರೆ, ಕವಿ ರವಿಕೀರ್ತಿಯ ಕ್ರಿ.ಶ. 634ರ ಶಾಸನವಿರುವ ಅಲ್ಲಿನ ಮೇಗುತಿ ಗುಡ್ಡವನ್ನು ಓಡೋಡಿ ಹತ್ತಿ ಇಳಿಯುವುದೂ ಬಿಟ್ಟಂತೆಯೇ. ಅದಕ್ಕೆ ಇನ್ನೊಂದು ಮುಂಜಾನೆ ಬೇಕು; ಆಮೇಲೆ ಕರದಂಟಿನ ಅಮೀನಗಡ, ಹುನಗುಂದ ದಾಟಿ ಇಳಕಲ್ಲಿಗೆ ಹೋದರೆ, ಸುಡುಬಿಸಿಲಿನ ಹೊತ್ತಿಗೆ ಮಗ್ಗದ ಮನೆಯ ನೆರಳಲ್ಲಿ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿಯಂತೆ ಕೂಡಿಸುವುದನ್ನು ಕೂತು ನೋಡಬಹುದು.