ದೂರವಿರುವ ಮಗುವಿಗೆ ಮನೆಯ ದಾರಿಯ ಸುದ್ದಿ



ಜೂನ್ ತಿಂಗಳು ಬಂದಿತೆಂದರೆ ನಮ್ಮ ಅನೇಕ ಮನೆಗಳಲ್ಲಿ ಒಂದು ಹಾಸಿಗೆ ಬರಿದಾಗುತ್ತದೆ. ಮಗ ಮಠದ ಪ್ರಸಾದ ನಿಲಯಕ್ಕೆ ಹೋಗುತ್ತಾನೆ. ಮಗಳು ಮೊರಾರ್ಜಿ ದೇಸಾಯಿ ವಸತಿ ಶಾಲೆಗೋ ನವೋದಯ ವಿದ್ಯಾಲಯಕ್ಕೋ ಸೇರುತ್ತಾಳೆ. ಮಕ್ಕಳನ್ನು ವಿದ್ಯೆಗಾಗಿ ಹೊರಗೆ ಕಳುಹಿಸುವುದು ನಮ್ಮ ಸಮಾಜಕ್ಕೆ ಹೊಸ ಸಂಗತಿಯೇನೂ ಅಲ್ಲ. ವಿಜಯಪುರದ ಸೈನಿಕ ಶಾಲೆ 1963ರಲ್ಲಿ, ಕಿತ್ತೂರಿನ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆ 1969ರಲ್ಲಿ ಆರಂಭವಾದವು. ಅದಕ್ಕೂ ಬಹಳ ಮೊದಲೇ ನಮ್ಮ ಮಠಗಳು ಬಡ ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ನೀಡುತ್ತಿದ್ದವು. 2019ರ ಜನವರಿ 21ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳ ನೆರಳಿನಲ್ಲಿ ಸಾವಿರಾರು ಮಕ್ಕಳು ಮನೆಯನ್ನು ಬಿಟ್ಟು ಬಂದು ಬೆಳೆದು ದೊಡ್ಡವರಾದುದನ್ನು ನಾಡೇ ಬಲ್ಲದು.

ಮಗುವನ್ನು ಕಳುಹಿಸುವ ಸಿದ್ಧತೆಯನ್ನು ನಾವು ಬಹಳ ಶ್ರದ್ಧೆಯಿಂದ ಮಾಡುತ್ತೇವೆ. ಟ್ರಂಕು, ಹಾಸಿಗೆ ಸುರುಳಿ, ತಾಟು, ಲೋಟ, ಒಂದು ಡಬ್ಬಿಯ ತುಂಬ ಶೇಂಗಾ ಉಂಡಿ, ವಿಭೂತಿ ಗಟ್ಟಿ ಎಲ್ಲವೂ ನೆನಪಿನಲ್ಲಿರುತ್ತವೆ. ಆದರೆ ಮಗು ಹೋದ ಮೇಲೆ ಅದರೊಡನೆ ಏನು ಮಾತನಾಡಬೇಕೆಂಬುದನ್ನು ನಾವು ಅಷ್ಟಾಗಿ ಚಿಂತಿಸುವುದಿಲ್ಲ. ಭಾನುವಾರ ವಸತಿ ನಿಲಯದಿಂದ ದೂರವಾಣಿ ಬರುತ್ತದೆ. ಊಟ ಮಾಡಿದೆಯಾ, ಮೈಯಲ್ಲಿ ಆರಾಮವೇ, ಪರೀಕ್ಷೆ ಎಂದು, ಗಣಿತದಲ್ಲಿ ಎಷ್ಟು ಅಂಕ ಬಂದವು ಎಂದು ಕೇಳುತ್ತೇವೆ. ಮಗು ನಾಲ್ಕು ಪ್ರಶ್ನೆಗಳಿಗೂ ನಾಲ್ಕು ಮಾತಿನಲ್ಲಿ ಉತ್ತರ ಹೇಳಿ ಮುಗಿಸುತ್ತದೆ. ಅಷ್ಟರಲ್ಲಿ ಹಿಂದೆ ಸಾಲಿನಲ್ಲಿ ನಿಂತ ಮತ್ತೊಬ್ಬ ಹುಡುಗನ ಸರದಿ ಬರುತ್ತದೆ.

ಈ ಸಂಭಾಷಣೆಯಲ್ಲಿ ಮನೆಯೇ ಇಲ್ಲವೆಂಬುದನ್ನು ಗಮನಿಸಬೇಕು. ಎಷ್ಟೋ ತಂದೆತಾಯಿಗಳು ಮನೆಯ ಸುದ್ದಿಯನ್ನು, ಅದರಲ್ಲಿಯೂ ಹೊರಗೆ ಹೋಗಿಬಂದ ಸುದ್ದಿಯನ್ನು, ಬೇಕೆಂದೇ ಮುಚ್ಚಿಡುತ್ತಾರೆ. ಜಾತ್ರೆಗೆ ಹೋದೆವೆಂದು ಹೇಳಿದರೆ ಅಲ್ಲಿ ಕುಳಿತು ಅಳುತ್ತದೆ, ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದೆವೆಂದರೆ ಅದಕ್ಕೆ ಓದಿನಲ್ಲಿ ಮನಸ್ಸು ನಿಲ್ಲುವುದಿಲ್ಲ ಎಂಬುದು ಅವರ ಎಣಿಕೆ. ಈ ಎಣಿಕೆ ಪ್ರೀತಿಯಿಂದಲೇ ಹುಟ್ಟಿದ್ದು. ಆದರೂ ಅದರ ಫಲ ಒಳ್ಳೆಯದಾಗುವುದಿಲ್ಲ.

ನಮಗೆ ಪರಿಚಿತವಾದ ಒಂದು ಒಕ್ಕಲುತನದ ಮನೆತನವಿದೆ. ಅಲ್ಲಿಯ ಹಿರಿಯ ಮಗ ಏಳನೆಯ ಇಯತ್ತೆಗೆ ವಸತಿ ಶಾಲೆ ಸೇರಿದ. ಆ ವರ್ಷ ಭಾರತ ಹುಣ್ಣಿಮೆಗೆ ಮನೆಯವರೆಲ್ಲ ಚಕ್ಕಡಿ ಕಟ್ಟಿಕೊಂಡು ಉಳವಿಗೆ ಹೋಗಿಬಂದರು. ಹುಡುಗನಿಗೆ ಹೇಳಬಾರದೆಂದು ತಾಯಿ ಎಲ್ಲರಿಗೂ ತಾಕೀತು ಮಾಡಿದರು. ಮರುವಾರ ದೂರವಾಣಿಯಲ್ಲಿ ಪುಟ್ಟ ತಂಗಿ ಕಾಡಿನಲ್ಲಿ ನವಿಲು ಕಂಡುದನ್ನು ಹೇಳಿಬಿಟ್ಟಳು. ಹುಡುಗ ಅಳಲಿಲ್ಲ, ಏನನ್ನೂ ಕೇಳಲೂ ಇಲ್ಲ. ಬೇಸಿಗೆಯ ರಜೆಗೆ ಬಂದವನು ಕಟ್ಟೆಯ ಮೇಲೆ ಕುಳಿತು ತಾಯಿಯನ್ನು ಕೇಳಿದನಂತೆ: “ಯವ್ವಾ, ನಿಮ್ಮ ಮನಿಯಾಗ ಈಗ ಎತ್ತು ಎಷ್ಟದಾವ?” ನಮ್ಮ ಮನೆ ಎನ್ನುವ ಮಾತು ಒಂದು ವರ್ಷದೊಳಗೆ ನಿಮ್ಮ ಮನೆ ಎಂದಾಗಿತ್ತು. ಆ ತಾಯಿ ಇದನ್ನು ನಮ್ಮೆದುರು ಹೇಳುವಾಗ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಗುವಿಗೆ ನೋವನ್ನುಂಟುಮಾಡುವುದು ಜಾತ್ರೆ ತಪ್ಪಿತೆಂಬುದಕ್ಕಿಂತ ತನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೆಂಬ ಭಾವನೆ. ಸುದ್ದಿ ಕೇಳಿದ ದಿನ ಅದು ಒಂದು ಗಳಿಗೆ ಅತ್ತೀತು. ಆದರೆ ಆ ಅಳುವಿನಲ್ಲಿ ತಾನು ಆ ಮನೆಗೆ ಸೇರಿದವನೆಂಬ ಅರಿವು ಇರುತ್ತದೆ. ಸುದ್ದಿಯೇ ಬಾರದಿದ್ದರೆ ಅಳುವೂ ನಿಲ್ಲುತ್ತದೆ, ಅದರೊಡನೆ ಆ ಅರಿವೂ ತೆಳುವಾಗುತ್ತದೆ. ಆದುದರಿಂದ ಹೇಳಬೇಕು. ಹೇಗೆ ಹೇಳಬೇಕೆಂಬುದನ್ನು ಮಾತ್ರ ವಿಚಾರಿಸಬೇಕು.

1928ರ ಬೇಸಿಗೆಯಲ್ಲಿ ಹತ್ತು ವರ್ಷದ ಇಂದಿರಾ ಹಿಮಾಲಯದ ಮಸ್ಸೂರಿಯಲ್ಲಿದ್ದಳು. ತಂದೆ ಜವಾಹರಲಾಲ ನೆಹರೂ ಅವರು ಕೆಳಗಿನ ಬಯಲು ಸೀಮೆಯಲ್ಲಿದ್ದರು. ಆಗ ಅವರು ಮಗಳಿಗೆ ಬರೆದ ಪತ್ರಗಳು ಮರುವರ್ಷ, 1929ರಲ್ಲಿ, ಪುಸ್ತಕವಾಗಿ ಬಂದವು. ಮೊದಲ ಪತ್ರದಲ್ಲಿಯೇ ಅವರು ದಾರಿಯಲ್ಲಿ ಸಿಗುವ ಒಂದು ದುಂಡು ಕಲ್ಲಿನ ಮಾತನ್ನೆತ್ತುತ್ತಾರೆ. ಬೆಟ್ಟದ ಬಂಡೆಯಿಂದ ಒಡೆದ ಚೂರು ಹಳ್ಳಕ್ಕೆ ಬಿದ್ದು, ನದಿಯಲ್ಲಿ ಉರುಳಿ ಉರುಳಿ ಅಂಚು ಸವೆದು ನುಣುಪಾದ ಬಗೆಯನ್ನು ಮಗುವಿಗೆ ತಿಳಿಯುವಂತೆ ವಿವರಿಸುತ್ತಾರೆ. ಅದಕ್ಕೂ ಹಿಂದೆ, 1893ರ ಸೆಪ್ಟೆಂಬರ್ 4ರಂದು, ಬಿಯಾಟ್ರಿಕ್ಸ್ ಪಾಟರ್ ಎಂಬ ಇಂಗ್ಲಿಷ್ ಮಹಿಳೆ ಸ್ಕಾಟ್ಲೆಂಡಿನಲ್ಲಿ ರಜೆ ಕಳೆಯುತ್ತಿದ್ದಾಗ, ತಮಗೆ ಹಿಂದೆ ಪಾಠ ಹೇಳಿದ್ದ ಶಿಕ್ಷಕಿಯ ಐದು ವರ್ಷದ ಮಗ ಕಾಯಿಲೆ ಮಲಗಿದ್ದಾನೆಂದು ಅವನಿಗೊಂದು ಚಿತ್ರಪತ್ರ ಬರೆದರು. ನಾಲ್ಕು ಮೊಲದ ಮರಿಗಳ ಆ ಕಥೆ 1902ರಲ್ಲಿ ಪುಸ್ತಕವಾಗಿ ಇಂದಿಗೂ ಲೋಕದ ಮಕ್ಕಳನ್ನು ನಗಿಸುತ್ತಿದೆ. ಅವರಿಬ್ಬರೂ ಹಾಳೆ ತೆಗೆದುಕೊಂಡಾಗ ಅವರ ಮುಂದಿದ್ದುದು ಪುಸ್ತಕದ ಯೋಚನೆಯಲ್ಲ, ದೂರದಲ್ಲಿದ್ದ ಒಂದು ಮಗು.

ನಮ್ಮ ಮನೆಗಳಲ್ಲಿ ಅಂಥ ದೊಡ್ಡ ಪತ್ರಗಳು ಬೇಕಿಲ್ಲ. ಹೊಲಕ್ಕೆ ಹೋಗಿಬಂದ ಒಬ್ಬ ತಂದೆ ಹೀಗೆ ಬರೆದರೆ ಸಾಕು:

“ಚಿರಂಜೀವಿ ಮಗನಿಗೆ ಆಶೀರ್ವಾದಗಳು. ನಿನ್ನೆ ಸೋಮವಾರ ನಾನು, ನಿನ್ನ ಅಜ್ಜ, ತಮ್ಮ ಮೂವರೂ ಹಳ್ಳದ ದಾರಿಯಿಂದ ಹೊಲಕ್ಕೆ ಹೋಗಿದ್ದೆವು. ಹಳ್ಳದಲ್ಲಿ ಮೊಣಕಾಲುದ್ದ ನೀರಿದೆ. ಹೋದ ವರ್ಷ ನಿನ್ನ ಚಪ್ಪಲಿ ತೇಲಿಹೋದ ಜಾಗದಲ್ಲಿ ಈಗ ಕಲ್ಲು ಜೋಡಿಸಿ ದಾಟುವಂತೆ ಮಾಡಿದ್ದಾರೆ. ಬಾವಿಯ ಮೇಲಿನ ಜಾಲಿ ಗಿಡದಲ್ಲಿ ಗೀಜಗನ ಗೂಡು ಹನ್ನೊಂದು ಇವೆ. ತಮ್ಮ ಹದಿಮೂರು ಎನ್ನುತ್ತಾನೆ. ನೀನು ದಸರೆಗೆ ಬಂದಾಗ ಎಣಿಸಿ ಹೇಳಬೇಕು. ಅಜ್ಜ ದಾರಿಯಲ್ಲಿ ಎರಡು ಸಲ ಕುಳಿತರು. ಕುಂಬಾರರ ಅಜ್ಜಿ ನಿನ್ನನ್ನು ಕೇಳಿದಳು.”

ಇದರಲ್ಲಿ ಚೆನ್ನಾಗಿ ಓದು ಎಂಬ ಉಪದೇಶವಿಲ್ಲ, ಬಹಳ ಸಂತೋಷವಾಯಿತೆಂಬ ವರ್ಣನೆಯೂ ಇಲ್ಲ. ಸಂತೋಷವಾಯಿತು ಎಂಬ ಮಾತು ಅಲ್ಲಿ ಇಲ್ಲದವನಿಗೆ ಏನನ್ನೂ ಕೊಡುವುದಿಲ್ಲ. ಹಳ್ಳದ ನೀರು ಎಷ್ಟಿತ್ತೆಂದರೆ ಅವನು ಅದನ್ನು ಕಾಣುತ್ತಾನೆ. ಚಪ್ಪಲಿಯ ಮಾತಿನಿಂದ ಆ ದಾರಿಯಲ್ಲಿ ತನ್ನ ಗುರುತೂ ಉಳಿದಿದೆಯೆಂದು ತಿಳಿಯುತ್ತಾನೆ. ಗೂಡಿನ ಲೆಕ್ಕ ಅವನಿಗಾಗಿ ಬಾಕಿ ಉಳಿಸಿದ ಕೆಲಸ; ಅವನು ಬರುವವರೆಗೆ ಅದು ತೀರ್ಮಾನವಾಗುವುದಿಲ್ಲ. ತನ್ನನ್ನು ಕೇಳುವವರು ಊರಿನಲ್ಲಿದ್ದಾರೆಂಬುದು ಕುಂಬಾರರ ಅಜ್ಜಿಯ ಮಾತಿನಿಂದ ತಿಳಿಯುತ್ತದೆ.

ಅಜ್ಜ ಎರಡು ಸಲ ಕುಳಿತರೆಂಬುದನ್ನು ಕೆಲವರು ಬರೆಯಲಿಕ್ಕಿಲ್ಲ. ಆದರೆ ಅದನ್ನು ಬರೆಯುವುದೇ ಯೋಗ್ಯವೆಂದು ನಮ್ಮ ಭಾವನೆ. ಮಗು ಊರು ಬಿಟ್ಟು ಬಂದಾಗ ಅಜ್ಜ ಗಟ್ಟಿಯಾಗಿದ್ದರು. ಹತ್ತು ತಿಂಗಳು ಏನನ್ನೂ ತಿಳಿಸದೆ ಇದ್ದು, ಒಂದು ದಿನ ತಟ್ಟನೆ ಬಾ ಎಂದು ಕರೆಸಿಕೊಂಡರೆ ಆ ಆಘಾತ ದೊಡ್ಡದು. ಸಣ್ಣ ಸಣ್ಣ ಸತ್ಯಗಳನ್ನು ತಿಳಿಯುತ್ತ ಬಂದ ಮಗುವಿನ ಮನಸ್ಸು ದೊಡ್ಡ ಸತ್ಯಕ್ಕೆ ತಾನಾಗಿಯೇ ಅಣಿಯಾಗುತ್ತದೆ. ಎತ್ತನ್ನು ಮಾರಿದ್ದು, ದಾರಿಯ ಹುಣಸೆಮರ ಬಿದ್ದದ್ದು, ಮಳೆ ಹೋಗಿ ಜೋಳ ಒಣಗಿದ್ದು, ಇವೆಲ್ಲವೂ ಅದಕ್ಕೆ ತಿಳಿಯಬೇಕಾದ ಸುದ್ದಿಗಳೇ.

ದೂರದ ಪ್ರವಾಸದ ಸುದ್ದಿಯನ್ನೂ ಹೀಗೆಯೇ ಬರೆಯಬಹುದು. ಕೂಡಲಸಂಗಮಕ್ಕೆ ಹೋಗಿಬಂದವರು ದರ್ಶನ ಚೆನ್ನಾಗಿ ಆಯಿತೆಂದು ಬರೆದು ನಿಲ್ಲಿಸುತ್ತಾರೆ. ಕೃಷ್ಣೆಯೂ ಮಲಪ್ರಭೆಯೂ ಕೂಡುವಲ್ಲಿ ಎರಡು ನೀರಿನ ಬಣ್ಣ ಹೇಗಿತ್ತು, ನಾರಾಯಣಪುರ ಜಲಾಶಯದ ಹಿನ್ನೀರು ಎಲ್ಲಿಯವರೆಗೆ ಬಂದಿತ್ತು, ಬಸವಣ್ಣನವರ ಐಕ್ಯಸ್ಥಳವನ್ನು ಆ ನೀರಿನಿಂದ ಕಾಪಾಡಲು ಸುತ್ತ ಕಟ್ಟಿದ ಗೋಡೆಯೊಳಗೆ ಮೆಟ್ಟಿಲಿಳಿದು ಹೋಗುವಾಗ ಏನನಿಸಿತು, ಇವುಗಳಲ್ಲಿ ಒಂದನ್ನು ಬರೆದರೂ ಮಗು ನಮ್ಮೊಡನೆ ಆ ಮೆಟ್ಟಿಲನ್ನು ಇಳಿಯುತ್ತದೆ. ಬಾದಾಮಿಯ ಕೆಂಪು ಕಲ್ಲನ್ನು ಕಂಡು ಬಂದವರು ಅಗಸ್ತ್ಯ ತೀರ್ಥದ ದಂಡೆಯಲ್ಲಿ ಬಟ್ಟೆ ಒಗೆಯುವ ಸಪ್ಪಳ ಬಂಡೆಗೆ ಬಡಿದು ಮರಳುವುದನ್ನು ಬರೆಯಬಹುದು. ಗೋಕಾಕಕ್ಕೆ ಹೋದವರು ಘಟಪ್ರಭೆ ಸುಮಾರು 170 ಅಡಿ ಎತ್ತರದಿಂದ ಬೀಳುತ್ತದೆಂದು ತಿಳಿಸಿ, ತೂಗುಸೇತುವೆಯ ಮೇಲೆ ಯಾರ ಕಾಲು ನಡುಗಿತೆಂಬುದನ್ನೂ ಹೇಳಬಹುದು. ಯುಗಾದಿಗೆ ಮುನ್ನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದು ಹೋದವರ ಮನೆಯಲ್ಲಂತೂ ಹೇಳಿ ಮುಗಿಯದಷ್ಟು ಸುದ್ದಿಯಿರುತ್ತದೆ.

ತಿನಿಸಿನ ವಿಷಯದಲ್ಲಿ ಮಾತ್ರ ಸ್ವಲ್ಪ ಸಂಯಮವಿರಲಿ. ಹೊಲದಲ್ಲಿ ಕುಳಿತು ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಂಡುದನ್ನು ಸಾಲಾಗಿ ವರ್ಣಿಸಿದರೆ ನಿಲಯದ ಊಟದ ಮುಂದೆ ಕುಳಿತ ಮಗುವಿಗೆ ಕಷ್ಟವಾದೀತು. ನಿನ್ನ ಪಾಲಿನ ಹೋಳಿಗೆಯನ್ನು ಮುಂದಿನ ಭೇಟಿಗೆ ತರುತ್ತೇವೆ ಎಂದು ಬರೆದು, ಹಾಗೆಯೇ ತರಬೇಕು. ತರಲಾಗದಿದ್ದರೆ ಬರೆಯಬಾರದು.

ಈಗ ಕಾಗದ ಬರೆಯುವವರು ಯಾರಿದ್ದಾರೆ, ಮೊಬೈಲಿದೆಯಲ್ಲ ಎಂದು ಕೇಳುವವರಿದ್ದಾರೆ. ಮೊಬೈಲು ಕೈಗೆ ಸಿಗುವ ಮಕ್ಕಳಿಗೆ ವಾಟ್ಸಾಪಿನಲ್ಲಿ ಚಿತ್ರ ಕಳುಹಿಸುವುದು ಒಳ್ಳೆಯದೇ. ಆದರೆ ಅನೇಕ ವಸತಿ ಶಾಲೆಗಳಲ್ಲಿ ಮಕ್ಕಳು ಮೊಬೈಲು ಇಟ್ಟುಕೊಳ್ಳುವಂತಿಲ್ಲ. ನವೋದಯದಲ್ಲಿ ಒಂಬತ್ತನೆಯ ತರಗತಿಯ ಕೆಲವು ಮಕ್ಕಳು ಒಂದು ವರ್ಷದ ಮಟ್ಟಿಗೆ ಹಿಂದಿ ನಾಡಿನ ಶಾಲೆಗೆ ಹೋಗಿ ಓದುವ ಪದ್ಧತಿಯೂ ಇದೆ. ಸುತ್ತ ಕನ್ನಡವೇ ಕೇಳಿಸದ ಅಂಥ ಊರಿನಲ್ಲಿ ತಾಯಿಯ ಕೈಬರಹದ ನಾಲ್ಕು ಸಾಲು ಎಷ್ಟು ಬೆಲೆಯುಳ್ಳದ್ದೆಂದು ಹೇಳಬೇಕಾಗಿಲ್ಲ. ದೂರವಾಣಿಯ ಮಾತು ಆಡಿದಲ್ಲಿಗೇ ಮುಗಿಯುತ್ತದೆ. ಕಾಗದವನ್ನು ಮಗು ಟ್ರಂಕಿನಲ್ಲಿಟ್ಟು ಬೇಕಾದಾಗ ತೆಗೆದು ಓದಬಲ್ಲದು. ಅಕ್ಷರ ಬಾರದ ಅಜ್ಜಿ ಹೇಳಲಿ, ಮನೆಯ ಮತ್ತೊಂದು ಮಗು ಬರೆಯಲಿ. ದಾರಿಯಲ್ಲಿ ಸಿಕ್ಕ ತಂಗಡಿ ಹೂವನ್ನು ಹಾಳೆಯ ನಡುವೆ ಒಣಗಿಸಿ ಲಕೋಟೆಯೊಳಗೆ ಇಡಲಿ. ಮಗುವಿನಿಂದಲೂ ಅಂಥದೇ ಸುದ್ದಿಯನ್ನು ಕೇಳಲಿ: ನಿಮ್ಮ ನಿಲಯದ ಹಿಂದಿನ ಗುಡ್ಡಕ್ಕೆ ಹೋಗಿದ್ದೆಯಾ, ಅಲ್ಲಿಂದ ಏನು ಕಾಣಿಸುತ್ತದೆ? ಅಂಕ ಕೇಳಿದಾಗ ನಾಲ್ಕು ಮಾತಾಡಿದ ಮಗು ಇದಕ್ಕೆ ನಾಲ್ಕು ಪುಟ ಬರೆದೀತು.

ಪರದೇಶದಲ್ಲಿರುವ ಬೆಳೆದ ಮಕ್ಕಳಿಗೂ ಇದು ಸಲ್ಲುತ್ತದೆ. ಬೆಳಗಾದರೆ ಯಾರೋ ಕಳುಹಿಸಿದ ಹೂವಿನ ಚಿತ್ರವನ್ನು ಅವರಿಗೆ ರವಾನಿಸುವ ಹಿರಿಯರು, ತಾವೇ ಆ ಬೆಳಿಗ್ಗೆ ಕೆರೆಯ ಏರಿಯ ಮೇಲೆ ಕಂಡುದನ್ನು ಎರಡು ಸಾಲು ಬರೆದರೆ ಮಕ್ಕಳು ಅದನ್ನು ತೆರೆದು ಓದುತ್ತಾರೆ.

ಇನ್ನೊಂದು ಮಾತನ್ನು ಹೇಳದೆ ಈ ಬರಹ ಪೂರ್ಣವಾಗದು. ಮರಳಿ ಬಾರದ ಮಕ್ಕಳೂ ಇದ್ದಾರೆ. ನಾವು ಬಲ್ಲ ದಂಪತಿಗಳ ಒಂಬತ್ತು ವರ್ಷದ ಮಗಳು ಜ್ವರದಿಂದ ಲಿಂಗೈಕ್ಯಳಾದಳು. ತಾಯಿ ಒಂದು ವರ್ಷ ಹೊಸ್ತಿಲು ದಾಟಲಿಲ್ಲ. ಆಮೇಲೆ ಒಂದು ಸಂಜೆ ಪತಿಯೊಡನೆ ಕೆರೆಯವರೆಗೆ ನಡೆದುಹೋಗಿ ಬಂದು, ಮಗಳ ಅರ್ಧ ಬರೆದ ನೋಟುಬುಕ್ಕಿನಲ್ಲಿ ಕಂಡುದನ್ನು ಅವಳಿಗೆ ಹೇಳುವಂತೆ ಬರೆದರು. ಈಗ ಪ್ರತಿ ಸೋಮವಾರ ಹೋಗುತ್ತಾರೆ, ಬಂದು ಬರೆಯುತ್ತಾರೆ. ಇದು ಭ್ರಮೆಯೆಂದು ಬಂಧುಗಳು ಆಡಿಕೊಂಡದ್ದುಂಟು. ಆ ತಾಯಿ ನಮಗೆ ಹೇಳಿದ್ದಿಷ್ಟು: “ಬರೀಬೇಕಂದ್ರ ಹೊರಗ ಹೋಗಬೇಕಲ್ರಿ. ಮನಿಯಾಗ ಕುಂತ್ರ ಅಕೀಗೆ ಏನಂತ ಬರೀಲಿ?”

ಶರಣರು ಮರಣದ ಸೂತಕವನ್ನು ಒಪ್ಪಲಿಲ್ಲ. ಸೂತಕವಿಲ್ಲವೆಂದ ಮಾತ್ರಕ್ಕೆ ಹೆತ್ತವರಿಗೆ ದುಃಖವಿಲ್ಲವೆಂದು ಅರ್ಥವಲ್ಲ. ಮಗಳ ನೆಪದಿಂದ ಆ ತಾಯಿಯ ಕಣ್ಣು ಮತ್ತೆ ಕೆರೆಯನ್ನು, ಕೊಕ್ಕರೆಯನ್ನು, ದಾರಿಹೋಕರನ್ನು ಕಾಣತೊಡಗಿದೆ. ನಾಲ್ಕು ಜನರ ಕ್ಷೇಮ ಕೇಳಿ ಬರುವಷ್ಟು ಅವರು ಚೇತರಿಸಿಕೊಂಡಿದ್ದಾರೆ. ಅಂಥ ನೋಟುಬುಕ್ಕನ್ನು ಯಾರೂ ಕಸಿದುಕೊಳ್ಳಬಾರದು, ಗೇಲಿಯನ್ನೂ ಮಾಡಬಾರದು. ನೆರೆಮನೆಯವರು ಮಾಡಬಹುದಾದುದೊಂದಿದೆ. ಸಂಜೆ ಅವರು ಹೊರಟಾಗ ಕರೆದರೆ ಜೊತೆಗೆ ನಡೆಯುವುದು.

ಶ್ರಾವಣ ಬರಲಿದೆ. ಸೋಮವಾರಗಳಲ್ಲಿ ಗುಡ್ಡದ ಗುಡಿಗೆ, ಮಠಕ್ಕೆ, ಹೊಳೆಯ ದಂಡೆಗೆ ನಮ್ಮ ಕುಟುಂಬಗಳು ನಡೆದು ಹೋಗುತ್ತವೆ. ಹೋಗುವಾಗ ಚೀಲದಲ್ಲಿ ವಿಭೂತಿ, ಬುತ್ತಿಗಳೊಡನೆ ಒಂದು ಪೆನ್ಸಿಲನ್ನೂ ತುಂಡು ಕಾಗದವನ್ನೂ ಇಟ್ಟುಕೊಳ್ಳಿರಿ. ಬುತ್ತಿ ಬಿಚ್ಚುವ ಮುನ್ನ, ದೂರವಿರುವ ಮಗುವಿಗೆ ತಿಳಿಸಬೇಕಾದ ಒಂದು ಸಂಗತಿಯನ್ನು ಮನೆಯವರೆಲ್ಲ ಸೇರಿ ಆರಿಸಿರಿ. ಮನೆಗೆ ಬಂದ ದಿನವೇ ಬರೆದು ಮರುದಿನದ ಟಪಾಲಿಗೆ ಹಾಕಿರಿ. ನಾಳೆ ಬರೆದರಾಯಿತೆಂದ ಕಾಗದ ಟಪಾಲು ಸೇರುವುದು ಕಡಿಮೆ.

ಎಲ್ಲ ಮನೆಗಳ ಮಕ್ಕಳೂ, ಹತ್ತಿರವಿರುವವರೂ ದೂರವಿರುವವರೂ, ಕ್ಷೇಮವಾಗಿರಲಿ.