ರಿಂಗ್ಸ್‌ಗೆ ಎತ್ತಿ ಬಿಡುವ ಕೈಗಳು

ಪುರುಷರ ಜಿಮ್ನಾಸ್ಟಿಕ್ಸ್‌ನಲ್ಲಿ ರಿಂಗ್ಸ್ ಸರದಿ ಬಂದಾಗ ಟೀವಿ ನೋಡುವವರ ಕಣ್ಣು ತಪ್ಪಿಸಿಕೊಳ್ಳುವ ಒಂದು ಗಳಿಗೆ ಇದೆ. ನೆಲದಿಂದ 2.8 ಮೀಟರ್ ಎತ್ತರದಲ್ಲಿ ಎರಡು ಬಳೆಗಳು ತೂಗುತ್ತಿರುತ್ತವೆ. ಜಿಮ್ನಾಸ್ಟ್‌ಗಳೋ ಬಹುಪಾಲು ಐದೂವರೆ ಅಡಿಯ ಆಸುಪಾಸಿನವರು. ಎಗರಿ ಹಿಡಿದರೆ ಹಗ್ಗ ಜೋಲಾಡುತ್ತದೆ, ಜೋಲಾಡಿದರೆ ಅಂಕ ಸೋರುತ್ತದೆ. ಅದಕ್ಕೇ ಕೋಚ್ ಬರುತ್ತಾನೆ. ಜಾತ್ರೆಯಲ್ಲಿ ಮಗುವಿಗೆ ತೇರು ತೋರಿಸಲು ಎತ್ತುವ ಹಾಗೆ ಹುಡುಗನ ಸೊಂಟ ಹಿಡಿದು ಮೇಲೆತ್ತುತ್ತಾನೆ. ಬಳೆ ಕೈಗೆ ಸಿಕ್ಕಿ ಮೈ ಅಲುಗಾಟ ನಿಲ್ಲುವ ತನಕ ಹಿಡಿದಿದ್ದು, ಬಿಟ್ಟು, ಹಿಂದೆ ಸರಿಯುತ್ತಾನೆ. ಸ್ಪರ್ಧೆಯ ದಿನ ಅವನು ಕೈಯಾರೆ ಮಾಡುವ ಸಹಾಯ ಹೆಚ್ಚೂ ಕಡಿಮೆ ಅಷ್ಟೇ.

ಫ್ರಾನ್ಸಿಸ್ ಅಲೆನ್ ಈ ಎತ್ತುವ ಕೆಲಸವನ್ನು 40 ವರ್ಷ ಮಾಡಿದರು. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್ ಪಟ್ಟಣದವರು, ಅಲ್ಲಿನ ವಿಶ್ವವಿದ್ಯಾಲಯದಲ್ಲೇ ಜಿಮ್ನಾಸ್ಟ್ ಆಗಿದ್ದವರು. 1969ರಲ್ಲಿ ಅದೇ ತಂಡದ ಕೋಚ್ ಆದರು. 2009ರಲ್ಲಿ ನಿವೃತ್ತರಾಗುವವರೆಗೆ ಜಾಗ ಬದಲಿಸಲಿಲ್ಲ. ಅಷ್ಟರಲ್ಲಿ ಅವರ ತಂಡ ಎಂಟು ಸಲ ರಾಷ್ಟ್ರೀಯ ಕಾಲೇಜು ಚಾಂಪಿಯನ್ ಆಗಿತ್ತು. 1979ರಿಂದ 1983ರವರೆಗೆ ಸತತ ಐದು ವರ್ಷ, ಆಮೇಲೆ 1988, 1990, 1994. ಎರಡು ಸಲ ಅಮೆರಿಕದ ಒಲಿಂಪಿಕ್ ತಂಡದ ಮುಖ್ಯ ಕೋಚ್ ಸ್ಥಾನವೂ ಒಲಿಯಿತು.

ಇದನ್ನೆಲ್ಲ ಸಾಧಿಸಿದ ಊರು ಎಂಥದ್ದೆಂದು ಗೊತ್ತಾದರೆ ಈ ಅಂಕಿಗಳ ತೂಕ ಇನ್ನಷ್ಟು ಹೆಚ್ಚುತ್ತದೆ. ನೆಬ್ರಾಸ್ಕಾ ಮುಸುಕಿನ ಜೋಳದ ನಾಡು. ವಿಶ್ವವಿದ್ಯಾಲಯದ ತಂಡಗಳ ಹೆಸರೇ ಕಾರ್ನ್‌ಹಸ್ಕರ್ಸ್, ಅಂದರೆ ಜೋಳದ ತೆನೆ ಸುಲಿಯುವವರು. ಅಲ್ಲಿ ಆಟ ಅಂದರೆ ಅಮೆರಿಕನ್ ಫುಟ್‌ಬಾಲ್, ಮಿಕ್ಕಿದ್ದೆಲ್ಲ ಉಪ್ಪಿನಕಾಯಿ. ಲಿಂಕನ್‌ನ ಮೆಮೋರಿಯಲ್ ಸ್ಟೇಡಿಯಂನಲ್ಲಿ 1962ರಿಂದ ಈಚೆಗೆ ಟಿಕೆಟ್ ಮಾರಾಟವಾಗದೆ ಉಳಿದ ಫುಟ್‌ಬಾಲ್ ಪಂದ್ಯವಿಲ್ಲ ಎಂಬುದು ಅವರ ಹೆಮ್ಮೆ. ಪಂದ್ಯದ ಶನಿವಾರ ಆ ಸ್ಟೇಡಿಯಂ ರಾಜ್ಯದ ಮೂರನೇ ದೊಡ್ಡ ಊರಾಗುತ್ತದೆ ಎಂದು ಜನ ತಮಾಷೆ ಮಾಡುವುದುಂಟು. ಆ ಗದ್ದಲದ ಪಕ್ಕದಲ್ಲಿ ಸೀಮೆಸುಣ್ಣದಂಥ ಬಿಳಿ ಪುಡಿ ಮೆತ್ತಿಕೊಂಡ ಇಪ್ಪತ್ತು ಹುಡುಗರನ್ನು ಕಟ್ಟಿಕೊಂಡು ಒಬ್ಬ ಮನುಷ್ಯ ದಿನವೂ ಸಂಜೆ ಜಿಮ್ಮಿನ ಬಾಗಿಲು ತೆರೆಯುತ್ತಿದ್ದ.

ಕಾಲೇಜು ಕೋಚ್ ಎಂದ ತಕ್ಷಣ ನಮ್ಮವರಿಗೆ ವರ್ಷಕ್ಕೊಮ್ಮೆ ಕ್ರೀಡಾಕೂಟ ನಡೆಸಿ, ಉಳಿದ ದಿನ ವಿದ್ಯಾರ್ಥಿಗಳ ಸಾಲು ಸರಿಮಾಡುವ ಪಿ.ಟಿ. ಮೇಷ್ಟ್ರು ನೆನಪಾಗಬಹುದು. ಈ ಕೆಲಸ ಬೇರೆಯದು. ಗಂಡಸರ ಜಿಮ್ನಾಸ್ಟಿಕ್ಸ್ ತೋಳು-ಭುಜದ ಬಲದ ಮೇಲೆ ನಿಂತಿದೆ. ರಿಂಗ್ಸ್‌ನಲ್ಲಿ ಎರಡೂ ಕೈ ಚಾಚಿ ಶಿಲುಬೆಯಂತೆ ಅಲುಗಾಡದೆ ನಿಲ್ಲುವ ಶಕ್ತಿ ಹದಿನಾರಕ್ಕೆ ಬರುವುದು ಅಪರೂಪ. ಇಪ್ಪತ್ತು ದಾಟಿದ ಮೇಲೇ ಮೈ ಕಟ್ಟುವುದು. ಅಂದರೆ ಕಾಲೇಜಿನ ನಾಲ್ಕು ವರ್ಷವೇ ಗಂಡು ಜಿಮ್ನಾಸ್ಟ್ ಹಣ್ಣಾಗುವ ಕಾಲ. ಚೀನಾ, ರಷ್ಯಾಗಳಲ್ಲಿ ಈ ವಯಸ್ಸಿನವರನ್ನು ಸರ್ಕಾರ ಸಾಕುತ್ತದೆ. ಅಮೆರಿಕದಲ್ಲಿ ಸಾಕುವುದು ಕಾಲೇಜು.

ಆರು ಉಪಕರಣ: ಫ್ಲೋರ್, ಪಾಮೆಲ್ ಹಾರ್ಸ್, ರಿಂಗ್ಸ್, ವಾಲ್ಟ್, ಪ್ಯಾರಲಲ್ ಬಾರ್ಸ್, ಹೈ ಬಾರ್. ಒಂದೊಂದಕ್ಕೂ ಒಂದೊಂದು ಗಾಯ. ಹೈ ಬಾರ್‌ನಲ್ಲಿ ಅಂಗೈ ಚರ್ಮ ಕಿತ್ತು ಬರುತ್ತದೆ. ಪ್ಯಾರಲಲ್ ಬಾರ್ಸ್‌ನ ಮರಕ್ಕೆ ಕೈ ಹಿಡಿತ ಸಿಗಲೆಂದು ಜೇನುತುಪ್ಪವನ್ನೋ ಸಕ್ಕರೆ ಪಾಕವನ್ನೋ ಹಚ್ಚಿ ಮೇಲೆ ಪುಡಿ ಬಳಿಯುತ್ತಾರೆ. ಅಡುಗೆಮನೆಯ ಸಾಮಾನು ಜಿಮ್ಮಿನಲ್ಲಿ ಕಂಡರೆ ಹೊಸಬರಿಗೆ ನಗು ಬರುತ್ತದೆ. ಪಾಮೆಲ್ ಹಾರ್ಸ್ ಅಂತೂ ವರ್ಷಗಟ್ಟಲೆ ಕಾಡಿಸುವ ಕುದುರೆ. ಇದನ್ನೆಲ್ಲ ದಿನವೂ ನೋಡುತ್ತ, ಯಾರ ಮಣಿಕಟ್ಟು ಇವತ್ತು ನೋಯುತ್ತಿದೆ, ಯಾರಿಗೆ ನಾಳೆ ಪರೀಕ್ಷೆ, ಯಾರು ಊರು ನೆನೆದು ಮಂಕಾಗಿದ್ದಾನೆ ಎಂದು ಮುಖ ನೋಡಿಯೇ ತಿಳಿಯಬೇಕಾದವನು ಕೋಚ್. ನಮ್ಮ ಗರಡಿಮನೆಯ ವಸ್ತಾದನಿಗೆ ಇಂಥ ಕಣ್ಣಿತ್ತು.

ಇದರ ಮೇಲೆ ಲೆಕ್ಕಪತ್ರ ಬೇರೆ. ಅಮೆರಿಕದ ಕಾಲೇಜು ಕ್ರೀಡೆಯ ನಿಯಮದ ಪ್ರಕಾರ ಬಹಳ ಕಾಲ ಪುರುಷರ ಜಿಮ್ನಾಸ್ಟಿಕ್ಸ್ ತಂಡವೊಂದಕ್ಕೆ ಸಿಗುತ್ತಿದ್ದದ್ದು ಗರಿಷ್ಠ 6.3 ವಿದ್ಯಾರ್ಥಿವೇತನ. ದೊಡ್ಡ ಕಾಲೇಜುಗಳ ಫುಟ್‌ಬಾಲ್ ತಂಡಕ್ಕೆ 85. ಆ ಆರೂ ಚಿಲ್ಲರೆಯನ್ನು ಕೋಚ್ ಇಪ್ಪತ್ತು ಹುಡುಗರಿಗೆ ಹಂಚಬೇಕಿತ್ತು: ಇವನಿಗೆ ಅರ್ಧ, ಅವನಿಗೆ ಕಾಲು, ಇನ್ನೊಬ್ಬನಿಗೆ ಪುಸ್ತಕದ ಖರ್ಚು. ಒಂದು ಸೇರು ಅಕ್ಕಿಯಲ್ಲಿ ಮದುವೆ ಊಟ ಹಾಕಿದ ಹಾಗೆ.

ಅಲೆನ್ ಅವರ ಐದು ವರ್ಷಗಳ ಸುಗ್ಗಿಗೆ ಕಾರಣರಾದವರಲ್ಲಿ ಮುಖ್ಯರು ಜಿಮ್ ಹಾರ್ಟಂಗ್ ಮತ್ತು ಫಿಲ್ ಕಹೋಯ್, ಇಬ್ಬರೂ ಪಕ್ಕದ ಒಮಾಹಾದ ಹುಡುಗರು. ಹಾರ್ಟಂಗ್ 1980 ಮತ್ತು 1981ರಲ್ಲಿ ಕಾಲೇಜು ಮಟ್ಟದ ಸರ್ವಾಂಗೀಣ ಚಾಂಪಿಯನ್. ಮನೆ ಅಂಗಳದಲ್ಲಿ ಬೆಳೆದ ಹುಡುಗರು ದೇಶಕ್ಕೇ ಮೊದಲಿಗರಾದಾಗ ಗುರುವಿಗೆ ಒಲಿಂಪಿಕ್ಸ್ ದಾರಿ ತೆರೆದದ್ದು ಸಹಜ. 1980ರ ಒಲಿಂಪಿಕ್ ತಂಡಕ್ಕೆ ಅಲೆನ್ ಮುಖ್ಯ ಕೋಚ್, ತಂಡದಲ್ಲಿ ಹಾರ್ಟಂಗ್, ಕಹೋಯ್. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡಲಿಲ್ಲ. ಅಫ್ಗಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ್ದನ್ನು ಪ್ರತಿಭಟಿಸಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮಾಸ್ಕೋ ಕೂಟವನ್ನು ಬಹಿಷ್ಕರಿಸಿದರು. ತಂಡವನ್ನು ಆರಿಸಿದ್ದಾಯಿತು, ವಿಮಾನ ಹತ್ತಲಿಲ್ಲ. (ಅದೇ ಮಾಸ್ಕೋಗೆ ಭಾರತ ಹೋಯಿತು, ಹಾಕಿಯಲ್ಲಿ ಚಿನ್ನ ಗೆದ್ದಿತು, ಆ ತಂಡದಲ್ಲಿ ಕೊಡಗಿನ ಮೂಲದ ಎಂ.ಎಂ. ಸೋಮಯ್ಯ ಇದ್ದರು. ಒಂದು ಬಹಿಷ್ಕಾರ ಯಾರ ಮನೆಗೆ ದೀಪ, ಯಾರ ಮನೆಗೆ ಕತ್ತಲೆ ಎಂದು ಹೇಳಲಾಗದು.)

ನಾಲ್ಕು ವರ್ಷದ ಮೇಲೆ, ಲಾಸ್ ಏಂಜಲಿಸ್‌ನಲ್ಲಿ ಅಮೆರಿಕದ ಗಂಡಸರ ತಂಡ ಚಿನ್ನ ಗೆದ್ದಿತು. ಆ ಸಲ ಸೋವಿಯತ್ ಒಕ್ಕೂಟ ಬಂದಿರಲಿಲ್ಲ ನಿಜ, ಆದರೆ ವಿಶ್ವ ಚಾಂಪಿಯನ್ ಚೀನಾ ಬಂದಿತ್ತು, ಅದರ ತಾರೆ ಲಿ ನಿಂಗ್ ಇದ್ದರು. ಅಂತರ 0.6 ಅಂಕ: 591.40ಕ್ಕೆ 590.80. ಗೆದ್ದ ಆರು ಮಂದಿಯಲ್ಲಿ ಹಾರ್ಟಂಗ್ ಮತ್ತು ಸ್ಕಾಟ್ ಜಾನ್ಸನ್ ಅಲೆನ್ ಗರಡಿಯವರು. ಕೋಚ್ ಕುರ್ಚಿಯಲ್ಲಿ ಮಾತ್ರ ಇನ್ನೊಬ್ಬ ಕಾಲೇಜು ಕೋಚ್ ಏಬಿ ಗ್ರಾಸ್‌ಫೆಲ್ಡ್ ಇದ್ದರು. ಹನ್ನೆರಡು ವರ್ಷ ಕಾದ ಮೇಲೆ, 1992ರ ಬಾರ್ಸಿಲೋನಾದಲ್ಲಿ ಅಲೆನ್ ಕೊನೆಗೂ ಒಲಿಂಪಿಕ್ ಅಂಗಳಕ್ಕೆ ಕೋಚ್ ಆಗಿ ಇಳಿದರು. ಅಲ್ಲಿ ಅಮೆರಿಕದ ಗಂಡಸರಿಗೆ ಬಂದದ್ದು ಒಂದೇ ಪದಕ: ಹೈ ಬಾರ್‌ನಲ್ಲಿ ಟ್ರೆಂಟ್ ಡೈಮಾಸ್ ಗೆದ್ದ ಚಿನ್ನ. ಡೈಮಾಸ್ 1990ರಲ್ಲಿ ಪ್ರಶಸ್ತಿ ಗೆದ್ದ ನೆಬ್ರಾಸ್ಕಾ ತಂಡದಲ್ಲಿದ್ದವರು. ಆಮೇಲೆ ತಮ್ಮೂರು ಆಲ್ಬುಕರ್ಕಿಗೆ ಮರಳಿ ಹಳೆಯ ಕೋಚ್ ಬಳಿ ತಯಾರಾದರು. ಆ ಚಿನ್ನ ಯಾರ ಖಾತೆಗೆ? ಇಬ್ಬರದೂ ಎನ್ನುವುದೇ ಸರಿ. ಜಿಮ್ನಾಸ್ಟ್ ಒಬ್ಬನ ಮೈಯಲ್ಲಿ ಎಷ್ಟು ಜನ ಕೋಚ್‌ಗಳ ಬೆವರು ಇರುತ್ತದೆಂದು ಪದಕ ಪಟ್ಟಿ ಹೇಳುವುದಿಲ್ಲ.

ಅಲೆನ್ ಅವರ ಇನ್ನೊಂದು ಆಸ್ತಿ ಶಿಷ್ಯಪರಂಪರೆ. ಅವರ ಕೈಕೆಳಗೆ ನೆಬ್ರಾಸ್ಕಾ ಪರ ಸ್ಪರ್ಧಿಸಿದ ಮಾರ್ಕ್ ವಿಲಿಯಮ್ಸ್ ಮುಂದೆ ಒಕ್ಲಹೋಮಾ ವಿಶ್ವವಿದ್ಯಾಲಯದ ಕೋಚ್ ಆಗಿ 2002ರಿಂದ 2018ರ ನಡುವೆ ಒಂಬತ್ತು ರಾಷ್ಟ್ರೀಯ ಪ್ರಶಸ್ತಿ ಗೆದ್ದರು, ಗುರುವಿಗಿಂತ ಒಂದು ಹೆಚ್ಚು. 2016ರ ರಿಯೋದಲ್ಲಿ ಒಲಿಂಪಿಕ್ ತಂಡದ ಮುಖ್ಯ ಕೋಚ್ ಕೂಡ ಅವರೇ. ಅವರ ಧೈರ್ಯಕ್ಕೆ ಸಾಕ್ಷಿ 2008ರ ಬೀಜಿಂಗ್. ಹೈ ಬಾರ್ ಫೈನಲ್‌ಗೆ ಬಂದಿದ್ದ ಅವರ ಶಿಷ್ಯ ಜೊನಾಥನ್ ಹಾರ್ಟನ್ ಹಳೆಯ ಕಸರತ್ತಿನಿಂದ ಪದಕ ಬರುವುದಿಲ್ಲವೆಂದು ಲೆಕ್ಕ ಹಾಕಿದರು. ಗುರು-ಶಿಷ್ಯ ಸೇರಿ ಫೈನಲ್‌ಗೆ ಕೆಲವೇ ದಿನ ಮುಂಚೆ ಕಸರತ್ತನ್ನೇ ಬದಲಿಸಿದರು. ಯಾವ ಸ್ಪರ್ಧೆಯಲ್ಲೂ ಮಾಡಿರದ, ಹೆಚ್ಚು ಕಠಿಣವಾದ ಸರಣಿ. ಪರೀಕ್ಷೆಗೆ ವಾರವಿದ್ದಾಗ ಪಠ್ಯಪುಸ್ತಕ ಬದಲಿಸುವ ಮೇಷ್ಟ್ರು ಎಲ್ಲಾದರೂ ಉಂಟೇ? ಹಾರ್ಟನ್ 16.175 ಗಳಿಸಿದರು. ಚಿನ್ನ ಗೆದ್ದ ಚೀನಾದ ಝೌ ಕೈ ಗಳಿಸಿದ್ದು 16.200. ಒಬ್ಬ ಹುಡುಗನನ್ನು ಕಾಲೇಜಿಗೆ ಕಾಲಿಟ್ಟಾಗಿನಿಂದ ಬಲ್ಲ ಕೋಚ್ ಮಾತ್ರ ಅಂಥ ಜೂಜಿಗೆ ತಲೆಯಾಡಿಸಬಲ್ಲ. ಶಿಬಿರಕ್ಕಷ್ಟೇ ಬಂದು ಹೋಗುವವನಿಗೆ ಆ ಎದೆ ಇರದು.

ಇಷ್ಟೆಲ್ಲ ಗೆದ್ದರೆ ಆಟ ಗಟ್ಟಿಯಾಗಬೇಕಿತ್ತು. ಈ ಕಥೆಯಲ್ಲಿ ಮನಸ್ಸಿಗೆ ಚುಚ್ಚುವ ಜಾಗ ಇದೇ. ಅಲೆನ್ ಕೆಲಸಕ್ಕೆ ಸೇರಿದ ಕಾಲಕ್ಕೆ ಅಮೆರಿಕದಲ್ಲಿ ಇನ್ನೂರಕ್ಕೂ ಹೆಚ್ಚು ಕಾಲೇಜುಗಳಲ್ಲಿ ಪುರುಷರ ಜಿಮ್ನಾಸ್ಟಿಕ್ಸ್ ತಂಡಗಳಿದ್ದವು. ಈಗ ಉಳಿದಿರುವುದು ಹದಿನೈದರ ಆಸುಪಾಸು. ಗೆದ್ದವರ ತಂಡಗಳೇ ಮುಚ್ಚಿದವು. ಲಾಸ್ ಏಂಜಲಿಸ್‌ನ ವಿಶ್ವವಿದ್ಯಾಲಯ ಯುಸಿಎಲ್‌ಎ ಉದಾಹರಣೆ ಸಾಕು. 1984ರ ಆ ಚಿನ್ನದ ತಂಡದ ಆರರಲ್ಲಿ ಮೂವರು, ಪೀಟರ್ ವಿಡ್ಮಾರ್, ಟಿಮ್ ಡ್ಯಾಗೆಟ್, ಮಿಚ್ ಗೇಲಾರ್ಡ್, ಅದೇ ವಿಶ್ವವಿದ್ಯಾಲಯದವರು, ಆರ್ಟ್ ಶರ್ಲಾಕ್ ಅವರ ಶಿಷ್ಯರು. ಒಲಿಂಪಿಕ್ ಜಿಮ್ನಾಸ್ಟಿಕ್ಸ್ ನಡೆದದ್ದೂ ಅದೇ ಆವರಣದ ಪಾಲಿ ಪೆವಿಲಿಯನ್‌ನಲ್ಲಿ. ಆ ವರ್ಷ ಮತ್ತು 1987ರಲ್ಲಿ ತಂಡ ರಾಷ್ಟ್ರೀಯ ಚಾಂಪಿಯನ್. 1994ಕ್ಕೆ ತಂಡವೇ ಇಲ್ಲ! ಒಲಿಂಪಿಕ್ ಚಿನ್ನ ಗೆದ್ದ ನೆಲದಲ್ಲೇ, ಹತ್ತು ವರ್ಷ ತುಂಬುವಷ್ಟರಲ್ಲಿ.

ತಪ್ಪು ಯಾರದು ಎಂದು ಕೇಳಿದರೆ ಅಲ್ಲಿ ಅನೇಕರು 1972ರ ಟೈಟಲ್ ನೈನ್ ಕಾನೂನಿನತ್ತ ಬೆರಳು ತೋರಿಸುತ್ತಾರೆ. ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣುಮಕ್ಕಳಿಗೆ ಸಮಾನ ಅವಕಾಶ ಕೊಡಬೇಕೆಂದ ಕಾನೂನು ಅದು. ಈ ದೂರು ಅನ್ಯಾಯದ್ದು. ಅಲ್ಲಿಯತನಕ ಹೆಣ್ಣುಮಕ್ಕಳಿಗೆ ಏನೂ ಸಿಗುತ್ತಿರಲಿಲ್ಲವೆಂಬುದನ್ನು ಮರೆತು ಆಡುವ ಮಾತು. ತಟ್ಟೆಯ ತುಂಬ ಬಡಿಸಿಕೊಂಡದ್ದು 85 ವಿದ್ಯಾರ್ಥಿವೇತನದ ಫುಟ್‌ಬಾಲ್. ಅದನ್ನು ಮುಟ್ಟುವ ಧೈರ್ಯ ಯಾವ ಆಡಳಿತಕ್ಕೂ ಇಲ್ಲ. ಸಮಾನತೆಯ ಲೆಕ್ಕ ಸರಿದೂಗಿಸಲು ಕತ್ತರಿ ಬೀಳುವುದು ಟಿಕೆಟ್ ಮಾರದ, ಟೀವಿಗೆ ಬಾರದ ಗಂಡಸರ ಸಣ್ಣ ತಂಡಗಳಿಗೆ. ಕುಸ್ತಿ, ಈಜು, ಜಿಮ್ನಾಸ್ಟಿಕ್ಸ್. ಕೊನೆಗೆ ಬಯ್ಯಿಸಿಕೊಳ್ಳುವುದು ಹುಡುಗಿಯರು.

ಕೋವಿಡ್ ವರ್ಷ ಇನ್ನಷ್ಟು ಕತ್ತರಿ ಆಡಿತು. 2020ರಲ್ಲಿ ಅಯೋವಾ ತನ್ನ ತಂಡ ಮುಚ್ಚುವುದಾಗಿ ಹೇಳಿತು, ಹಿಂದೆಯೇ ಮಿನ್ನೆಸೋಟಾ. ಮಿನ್ನೆಸೋಟಾದ್ದು ನೂರು ವರ್ಷ ದಾಟಿದ ತಂಡ. ವಿಧಿಯ ಆಟ ನೋಡಿ: 2021ರ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಷಿಪ್ ನಿಗದಿಯಾಗಿದ್ದದ್ದು ಮಿನ್ನೆಸೋಟಾದ ಅಂಗಳದಲ್ಲೇ. ಮನೆ ಹರಾಜಾದ ಮೇಲೆ ಅದೇ ಮನೆಯಲ್ಲಿ ಮದುವೆ. ಆ ತಂಡದ ಶೇನ್ ವಿಸ್ಕಸ್ ಕೆಲವೇ ತಿಂಗಳಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರ ಸ್ಪರ್ಧಿಸಿದರು. ಅವರನ್ನು ಬೆಳೆಸಿದ ಕಾಲೇಜಿಗೆ ಆಗ ಅಧಿಕೃತ ತಂಡವಿರಲಿಲ್ಲ.

ಹೀಗಾಗಿ ಕಾಲೇಜು ಕೋಚ್‌ನ ಯಶಸ್ಸನ್ನು ಅಳೆಯುವ ಕೋಲು ಬದಲಾಗಬೇಕು. ಕಪಾಟಿನ ಕಪ್‌ಗಳನ್ನು ಎಣಿಸಿ ಮುಗಿಸಿದರೆ ಶರ್ಲಾಕ್ ಕೂಡ ದೊಡ್ಡವರು, ಅಲೆನ್ ಕೂಡ ದೊಡ್ಡವರು. ಇಬ್ಬರ ನಡುವಿನ ವ್ಯತ್ಯಾಸ ಅವರ ಕೈಯಲ್ಲಿರಲಿಲ್ಲ, ಕುಲಪತಿಯ ಕಚೇರಿಯಲ್ಲಿತ್ತು. ಒಬ್ಬರ ಹಿಂದೆ ಬಂದವನಿಗೆ ತೆರೆಯಲು ಬಾಗಿಲಿತ್ತು, ಇನ್ನೊಬ್ಬರ ಹಿಂದೆ ಬರಬೇಕಾದವನಿಗೆ ಬಾಗಿಲೇ ಇರಲಿಲ್ಲ. ಗೆಲ್ಲಿಸಿದವನಿಗೆ ಸನ್ಮಾನ ಮಾಡುವ ಸಂಸ್ಥೆಗಳು ಅವನ ಜಿಮ್ಮನ್ನು ಇನ್ನಿಪ್ಪತ್ತು ವರ್ಷ ಉಳಿಸುವ ಮಾತು ಕೊಡುತ್ತವೆಯೇ? ಶಾಲು ಹೊದಿಸುವುದಕ್ಕಿಂತ ಅದು ದುಬಾರಿ.

ನಮ್ಮ ಕಡೆಗೂ ಈ ಪ್ರಶ್ನೆ ಹೊರಗಿನದಲ್ಲ. 2010ರ ಕಾಮನ್‌ವೆಲ್ತ್ ಕೂಟದಲ್ಲಿ ಆಶಿಶ್ ಕುಮಾರ್ ಎರಡು ಪದಕ ಗೆದ್ದಾಗ, 2016ರ ರಿಯೋದಲ್ಲಿ ದೀಪಾ ಕರ್ಮಾಕರ್ ವಾಲ್ಟ್‌ನಲ್ಲಿ ನಾಲ್ಕನೆಯವರಾದಾಗ ದೇಶವೇ ಚಪ್ಪಾಳೆ ತಟ್ಟಿತು. ದೀಪಾ ಹಿಂದೆ ಅಗರ್ತಲಾದ ಬಿಶ್ವೇಶ್ವರ್ ನಂದಿ ಎಂಬ ಒಬ್ಬ ಕೋಚ್ ವರ್ಷಗಟ್ಟಲೆ ಒಂದೇ ಜಾಗದಲ್ಲಿ ನಿಂತಿದ್ದರು. ಅಂಥ ಇನ್ನೊಬ್ಬರು ಯಾವ ಕಾಲೇಜಿನಲ್ಲಿದ್ದಾರೆ, ಅವರ ಸಂಬಳ ಎಲ್ಲಿಂದ ಬರುತ್ತದೆ ಎಂದು ಚಪ್ಪಾಳೆ ತಟ್ಟಿದವರು ಕೇಳಲಿಲ್ಲ.

2024ರ ಪ್ಯಾರಿಸ್‌ನಲ್ಲಿ ಅಮೆರಿಕದ ಗಂಡಸರು ತಂಡ ವಿಭಾಗದ ಕಂಚು ಗೆದ್ದರು. 2008ರ ನಂತರದ ಮೊದಲ ತಂಡ ಪದಕ. ಐವರೂ ಕಾಲೇಜು ಜಿಮ್ಮುಗಳಿಂದ ಬಂದವರು: ಸ್ಟ್ಯಾನ್‌ಫರ್ಡ್‌ನ ಇಬ್ಬರು, ಮಿಷಿಗನ್‌ನ ಇಬ್ಬರು, ಪೆನ್ ಸ್ಟೇಟ್‌ನ ಒಬ್ಬ. ಆ ಒಬ್ಬ ಸ್ಟೀಫನ್ ನೆಡೊರೊಸಿಕ್. ದಪ್ಪ ಕನ್ನಡಕ, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ, ಕೈಯಲ್ಲಿ ರೂಬಿಕ್ಸ್ ಕ್ಯೂಬ್. ತಂಡದಲ್ಲಿ ಅವರ ಕೆಲಸ ಒಂದೇ, ಪಾಮೆಲ್ ಹಾರ್ಸ್. ಗಂಟೆಗಟ್ಟಲೆ ಸುಮ್ಮನೆ ಕುಳಿತಿದ್ದು, ಕೊನೆಯ ಸರದಿಯಲ್ಲಿ ಕನ್ನಡಕ ತೆಗೆದಿಟ್ಟು ಎದ್ದರು, 14.866 ಗಳಿಸಿದರು. ಅವರು ಓದಿದ ಪೆನ್ ಸ್ಟೇಟ್‌ನಲ್ಲಿ ಆ ಆಟವನ್ನು ಕಟ್ಟಿದವರು ಜೀನ್ ವೆಟ್‌ಸ್ಟೋನ್. 1939ರಿಂದ 1976ರವರೆಗೆ ಕೋಚ್ ಆಗಿ ಒಂಬತ್ತು ಪ್ರಶಸ್ತಿ ಗೆದ್ದು, ನೂರು ವರ್ಷ ಬಾಳಿ, 2013ರಲ್ಲಿ ತೀರಿಕೊಂಡರು. ನೆಡೊರೊಸಿಕ್ ಹುಟ್ಟುವ ಎಷ್ಟೋ ಮೊದಲೇ ಅವರು ಜಿಮ್ಮಿನ ಬೀಗದ ಕೈ ಮುಂದಿನವರಿಗೆ ಕೊಟ್ಟಾಗಿತ್ತು.

ಲಿಂಕನ್‌ನಲ್ಲಿ 2009ರಲ್ಲಿ ಆ ಬೀಗದ ಕೈ ಹೋದದ್ದು ಚಕ್ ಚ್ಮೆಲ್ಕಾ ಅವರಿಗೆ. ಎಂಬತ್ತರ ದಶಕದ ಆರಂಭದಲ್ಲಿ ಅಲೆನ್ ಎತ್ತಿ ರಿಂಗ್ಸ್‌ಗೆ ಬಿಡುತ್ತಿದ್ದ ಹುಡುಗರಲ್ಲಿ ಅವರೂ ಒಬ್ಬರು.